ವಾಸಣ್ಣ ಎದ್ದು ನಿಂತ ಮಳೆಗಾಲ

ಮೊನ್ನೆ ಠಾಣೆಯಿಂದ ನೆರೂಳಿಗೆ ಬರುವ ಲೋಕಲ್‌ನಲ್ಲಿ ನನ್ನೆದುರು ಕೂತಿದ್ದ ಅಜ್ಜಿಯೊಬ್ಬರು ಪರ್ಸಿನಿಂದ ಒಂದು ಪುಟ್ಟ ಸ್ಟೀಲ್ ಡಬ್ಬಿ ತೆಗೆದರು. ಹೊರಗೆ ಜಡಿಮಳೆ. ಕಿಟಕಿಗಳೆಲ್ಲ ಮುಚ್ಚಿ, ಬೋಗಿಯೊಳಗೆ ಒದ್ದೆ ಕೊಡೆ, ಒದ್ದೆ ಸಾಕ್ಸು, ಯಾರದೋ ಚೀಲದ ಒಣಮೀನು ಎಲ್ಲ ಸೇರಿ ಒಂದು ವಾಸನೆಯಾಗಿತ್ತು. ಅವರು ಮುಚ್ಚಳ ತೆಗೆದದ್ದೇ ತಡ, ಅದೆಲ್ಲವನ್ನೂ ದಾಟಿಕೊಂಡು ಒಣಗಿದ ಕಟ್ಟಿಗೆಯಂಥ ಒಂದು ಸಿಹಿ ವಾಸನೆ ನೇರ ನನ್ನ ಮೂಗಿಗೆ ಬಂತು. ನಾನು ಆಗಷ್ಟೇ ಕೆಮ್ಮಿದ್ದೆ. ಅದೇ ತಪ್ಪಾಯಿತು.

"ಘ್ಯಾ, ಖೋಕಲಾ ಜಾಯೀಲ," ಎಂದು ಅವರು ಒಂದು ಕಡ್ಡಿಯನ್ನು ನನ್ನ ಮುಂದೆ ಹಿಡಿದರು. ಕೆಮ್ಮು ಹೋಗುತ್ತದಂತೆ.

"ನಕೋ, ನಕೋ!" ಎಂದು ನಾನು ಕೈ ಹಿಂದಕ್ಕೆಳೆದುಕೊಂಡ ರಭಸಕ್ಕೆ ಪಕ್ಕದವನ ಮೊಬೈಲು ಕೆಳಗೆ ಬಿತ್ತು. ಅಜ್ಜಿ ಬಾಯಿ ತೆರೆದು ನನ್ನನ್ನೇ ನೋಡಿದರು. ನೋಡಲು ಸಭ್ಯನಂತಿದ್ದಾನೆ, ಒಂದು ಬೇರಿನ ತುಂಡಿಗೆ ಹಾವು ಕಂಡವನ ಹಾಗೆ ಆಡುತ್ತಾನಲ್ಲ ಎಂದು ಅವರಿಗೆ ಅನಿಸಿರಬೇಕು. ಅನಿಸಲಿ. ಆ ಬೇರಿನೊಂದಿಗೆ ನಾನೊಂದು ಮಳೆಗಾಲ ಕಳೆದಿದ್ದೇನೆ.

ನೆರೂಳಿನ ಒಂದು ಸೆಕ್ಟರಿನಲ್ಲಿ ನನ್ನ ದವಾಖಾನೆ. ಓದಿದ್ದು ಜನರಲ್ ಮೆಡಿಸಿನ್, ಸ್ವಭಾವದಿಂದ ಚಿಂತೆಗಾರ. ಫೋನು ಬಂದರೆ ಯಾರಿಗೋ ಏನೋ ಆಯಿತೆಂಬ ಚಿಂತೆ, ಬಾರದಿದ್ದರೆ ಏನೋ ಆಗಿದೆ, ಯಾರೂ ಹೇಳುತ್ತಿಲ್ಲ ಎಂಬ ಚಿಂತೆ. ಚಿಂತೆ ಬಂದಾಗ ಹಲ್ಲಿಗೆ ಏನಾದರೂ ಕೆಲಸ ಬೇಕು. ನನ್ನ ಮೇಜಿನ ಮೇಲಿನ ಪೆನ್ನುಗಳ ಮುಚ್ಚಳಗಳನ್ನು ನೋಡಿದವರು ಇಲ್ಲಿ ಇಲಿ ಇದೆಯೇ ಎಂದು ಕೇಳುತ್ತಿದ್ದರು.

ಇಂಥ ನನಗೆ ಒಂದು ಕೆಟ್ಟ ಕೀರ್ತಿ ಅಂಟಿಕೊಂಡಿತ್ತು. ಒಮ್ಮೆ ಶಾಲಾ ಶಿಕ್ಷಕಿಯೊಬ್ಬರು ಅಂಗೈ ಅಂಗಾಲೆಲ್ಲ ಹಳದಿಯಾಗಿದೆಯೆಂದು ಕಾಮಾಲೆಯ ಪರೀಕ್ಷೆಗಳನ್ನೆಲ್ಲ ಮಾಡಿಸಿ ಸುಸ್ತಾಗಿ ಬಂದಿದ್ದರು. ಕಣ್ಣು ಮಾತ್ರ ಬೆಳ್ಳಗಿತ್ತು. ದಿನವೂ ಕ್ಯಾರೆಟ್ ರಸ ಕುಡಿಯುತ್ತೀರಾ ಎಂದು ಕೇಳಿದೆ. ಜಗ್ಗಿನಲ್ಲಿ ಕುಡಿಯುತ್ತಿದ್ದರು. ಅಷ್ಟೇ. ಆ ಒಂದು ಕ್ಯಾರೆಟ್ಟಿನಿಂದಾಗಿ ನಾನು ಸುತ್ತಲಿನ ಡಾಕ್ಟರುಗಳ ಪಾಲಿಗೆ ವಿಚಿತ್ರ ಕೇಸುಗಳ ತಜ್ಞನಾಗಿಬಿಟ್ಟೆ. ಯಾರಿಗೂ ಅರ್ಥವಾಗದ್ದನ್ನು ನನ್ನ ಕಡೆ ದಾಟಿಸುವುದು ಅವರಿಗೆ ರೂಢಿಯಾಯಿತು. ನನಗೂ ಅರ್ಥವಾಗುವುದಿಲ್ಲ ಎಂಬುದನ್ನು ಯಾರೂ ನಂಬಲಿಲ್ಲ.

ವಾಸಣ್ಣ ಬಂದದ್ದೂ ಹಾಗೆಯೇ. ಆಷಾಢದ ಮಳೆ ಆಗಷ್ಟೇ ಗಟ್ಟಿಯಾಗಿತ್ತು. ದವಾಖಾನೆಯ ಮೀನಲ್ ಬಾಗಿಲಿನಿಂದ ತಲೆ ಹಾಕಿ, "ಸರ್, ಏಕ ನಾಟಕವಾಲೇ ಕಾಕಾ ಆಲೇತ," ಎಂದಳು. ನಾಟಕದವರು ಎಂದು ಅವಳಿಗೆ ಹೇಗೆ ಗೊತ್ತಾಯಿತು ಎಂದರೆ, ಹೊರಗೆ ಕೂತ ಅಷ್ಟು ಹೊತ್ತಿನಲ್ಲೇ ಅವರು ಉಳಿದ ರೋಗಿಗಳಿಗೆ ಧರ್ಮ ಅಧರ್ಮದ ಬಗ್ಗೆ ಒಂದು ಸುತ್ತು ಹೇಳಿ ಮುಗಿಸಿದ್ದರು. ಅದೂ ಕನ್ನಡದಲ್ಲಿ. ಕೇಳಿದವರು ಗುಜರಾತಿಗಳು.

ವಾಸಣ್ಣ ಕುಂದಾಪುರದ ಕಡೆಯವರು. ತುರ್ಭೆಯ ಕಾರ್ಖಾನೆಗಳ ನಡುವೆ ಒಂದು ಕ್ಯಾಂಟೀನಿನ ಮ್ಯಾನೇಜರು. ಅದು ಹೊಟ್ಟೆಪಾಡು. ಅವರ ನಿಜವಾದ ಉದ್ಯೋಗ ತಾಳಮದ್ದಳೆ. ಊರಿನಲ್ಲಿ ಮಳೆ ಹಿಡಿದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಡುತ್ತವೆ, ಆಗ ವೇಷವಿಲ್ಲದೆ ಕುಣಿತವಿಲ್ಲದೆ ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುತ್ತಾರಲ್ಲ, ಅದು. ಡೊಂಬಿವಲಿಯಲ್ಲಿ ಬಿಚ್ಚಲು ಗೆಜ್ಜೆಯೇ ಇಲ್ಲ. ಆದರೂ ಮಳೆಗಾಲವೆಂದರೆ ತಾಳಮದ್ದಳೆ ಎಂಬ ಪದ್ಧತಿ ರೈಲು ಹತ್ತಿ ಇವರೊಂದಿಗೆ ಬಂದಿದೆ. ಅಲ್ಲಿನ ಸಂಘದಲ್ಲಿ ವಾಸಣ್ಣ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವರು; ಆ ಮಾತಿಗೇ ಅರ್ಥ ಎನ್ನುವುದು. ಇಷ್ಟು ವರ್ಷ ದೂತ, ಮಂತ್ರಿ, ಹೆಚ್ಚೆಂದರೆ ಯಾರದಾದರೂ ಮಾವ. ಆ ವರ್ಷ ಮೊದಲ ಸಲ ಅವರಿಗೆ ಮುದಿ ಸೇನಾಪತಿಯ ದೊಡ್ಡ ಅರ್ಥ ಬಂದಿತ್ತು. ನವರಾತ್ರಿಯ ಹೊತ್ತಿಗೆ ತಾಳಮದ್ದಳೆಯ ಕೂಟ. ಎದುರು ಕೂರಲು ಊರಿನಿಂದಲೇ ಹೆಸರಾಂತ ಅರ್ಥಧಾರಿಯೊಬ್ಬರನ್ನು ಕರೆಸುವವರಿದ್ದರು.

ಇದೆಲ್ಲ ನನಗೆ ತಿಳಿಯುವ ಮೊದಲು ನಾನು ಸುಮ್ಮನೆ ಕೇಳಿದ್ದು, "ಎಂತ ಆಗ್ತದೆ ವಾಸಣ್ಣ?"

"ಡಾಕ್ಟ್ರೇ, ಈ ಭೂಮಂಡಲವನ್ನು ಎಂಟು ದಿಕ್ಕಿನಲ್ಲಿ ಎಂಟು ಆನೆಗಳು ಹೊತ್ತಿವೆಯಂತೆ. ಆದರೆ ಬಡ ಮನುಷ್ಯನೊಬ್ಬನನ್ನು ಹೊರುವುದಕ್ಕೆ ವಿಧಿ ಕೊಟ್ಟದ್ದು ಎರಡೇ ಎರಡು ಕಾಲು."

"ಕಾಲು ನೋವಾ?"

"ನೋವು ಎಂದರೇನು? ಅದನ್ನು ಮೊದಲು ವಿಚಾರ ಮಾಡಬೇಕಾಗ್ತದೆ."

"ವಿಚಾರ ನಾನು ಮಾಡ್ತೇನೆ. ನೋವು ಉಂಟಾ, ಇಲ್ವಾ?"

"ಉಂಟು ಎಂದರೆ ಇಲ್ಲ. ಇಲ್ಲ ಎಂದರೆ..."

"ನೋವಿಲ್ಲ ಡಾಕ್ಟ್ರೇ, ಬಲ ಇಲ್ಲ," ಎಂದು ಪಕ್ಕದಲ್ಲಿದ್ದ ಅವರ ಹೆಂಡತಿ ಜಲಜಕ್ಕ ನಡುವೆ ಬಾಯಿ ಹಾಕಿದರು. "ಚಾಪೆಯಿಂದ ಏಳ್ಲಿಕ್ಕೆ ಆಗುದಿಲ್ಲ ಇವರಿಗೆ. ನಿನ್ನೆ ಬಚ್ಚಲಲ್ಲಿ ಕೂತವರು ಅಲ್ಲೇ ಬಾಕಿ. ನಾನು ಎತ್ತಬೇಕಾಯ್ತು. ಹೋದ ಮಳೆಗಾಲದಲ್ಲೂ ಸ್ವಲ್ಪ ಹೀಗೇ ಆಗಿತ್ತು. ದೀಪಾವಳಿಗೆ ಸರಿ ಆಯ್ತು. ಸರಿ ಆದದ್ದಕ್ಕೆ ಯಾರಿಗೂ ತೋರಿಸ್ಲಿಲ್ಲ."

ನಾನು ಬಿ.ಪಿ. ನೋಡಿದೆ. ಏರಿತ್ತು. ಹೆಚ್ಚೇ ಏರಿತ್ತು. ಕೇಳಬೇಕಾದ್ದನ್ನೆಲ್ಲ ಕೇಳಿದೆ. ಯಾವುದಾದರೂ ಮಾತ್ರೆ? ಇಲ್ಲ. ಕಷಾಯ, ಲೇಹ, ಭಸ್ಮ? ಇಲ್ಲ. ಕುಡಿತ? ಶಿವಶಿವ. ಹೊಗೆಸೊಪ್ಪು? "ಈ ನಾಲಗೆಗೆ ಅದನ್ನು ಮುಟ್ಟಿಸಿದವನಲ್ಲ ಡಾಕ್ಟ್ರೇ, ಮುಟ್ಟಿಸುವವನೂ ಅಲ್ಲ." ಇದನ್ನು ಹೇಳುವಾಗ ಅವರ ಬಲಗೆನ್ನೆ ಸ್ವಲ್ಪ ಉಬ್ಬಿತ್ತು. ನಾನು ನೋಡಿದೆ. ಜ್ಯೇಷ್ಠಮಧುವಿನ ಕಡ್ಡಿ, ಅದೇ ಅತಿಮಧುರದ ಬೇರು. ಹಾಡುವವರು, ಮಾತಾಡುವವರು ಗಂಟಲಿಗೆಂದು ಬಾಯಲ್ಲಿಟ್ಟುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನನ್ನ ಅಜ್ಜಿಯೂ ನನಗೆ ಕೊಟ್ಟಿದ್ದಳು. ಅವರ ಬಾಯಲ್ಲಿ ಹಲ್ಲಿರುವಂತೆ ಅದೂ ಇತ್ತು. ಹಲ್ಲನ್ನು ಯಾರಾದರೂ ಮದ್ದು ಎಂದು ಹೇಳುತ್ತಾರೆಯೇ?

ಅಷ್ಟರಲ್ಲಿ ನಾನೇ ಕೆಮ್ಮಿದೆ. ಆ ವರ್ಷ ನನಗೆ ಮಳೆಯ ಜೊತೆಗೇ ಒಂದು ಒಣಕೆಮ್ಮು ಹಿಡಿದಿತ್ತು.

"ಎಂತದು ಮಾರಾಯ್ರೆ, ಕೆಮ್ಮುವ ಡಾಕ್ಟ್ರ ಹತ್ರ ಯಾರು ಮದ್ದು ತಗೊಳ್ತಾರೆ?" ಎಂದು ವಾಸಣ್ಣ ಜುಬ್ಬದ ಜೇಬಿನಿಂದ ಡಬ್ಬಿ ತೆಗೆದು ಮುಂದೆ ಹಿಡಿದರು. ಸಂಘದಲ್ಲಿ ಅದು ಅವರ ಕ್ರಮ. ಕೂಟಕ್ಕೆ ಮೊದಲು ಹಾಡುವ ಭಾಗವತರಿಂದ ಹಿಡಿದು ಮದ್ದಳೆಯವರ ತನಕ ಎಲ್ಲರಿಗೂ ಆ ಡಬ್ಬಿ ಹೋಗುತ್ತಿತ್ತು, ಮದುವೆಯಲ್ಲಿ ವೀಳ್ಯದೆಲೆಯ ತಟ್ಟೆ ಹೋಗುವ ಹಾಗೆ. ನಾನು ಒಂದು ಕಡ್ಡಿ ತೆಗೆದುಕೊಂಡೆ. ಮುಂದಿನ ಸಲ ಅವರು ಒಂದು ಪೊಟ್ಟಣವನ್ನೇ ತಂದುಕೊಟ್ಟರು. ನನ್ನ ಪೆನ್ನಿನ ಮುಚ್ಚಳಗಳಿಗೆ ಅಂದಿನಿಂದ ರಜೆ ಸಿಕ್ಕಿತು.

ಬಿ.ಪಿ.ಗೆ ಮಾತ್ರೆ ಕೊಟ್ಟೆ. ಇಳಿಯಲಿಲ್ಲ. ಬದಲಿಸಿದೆ. ಇಳಿಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಶಿಯಂ ಕಡಿಮೆ ಬಂತು. ಕಾಲಿನ ಬಲ ಹೋದದ್ದು ಅದಕ್ಕೇ. ಆದರೆ ಅದು ಕಡಿಮೆಯಾದದ್ದು ಯಾಕೆ? ನಾನು ಕೊಟ್ಟ ಮಾತ್ರೆಯಿಂದಲೇ ಆಗಿರಬಹುದೆಂದು ಹೆದರಿ ಅದನ್ನು ನಿಲ್ಲಿಸಿದೆ. ನಿಲ್ಲಿಸಿದ ಮೇಲೂ ಕಡಿಮೆ. ಎಳನೀರು, ಬಾಳೆಹಣ್ಣು, ಪೊಟ್ಯಾಶಿಯಂನ ಸಿರಪ್ಪು ಎಲ್ಲ ಹೇಳಿದೆ. ತೂತು ಬಿದ್ದ ಕೊಡಕ್ಕೆ ನೀರು ಹೊಯ್ದ ಹಾಗೆ. ನಿದ್ದೆಯಲ್ಲೂ ನನಗೆ ವಾಸಣ್ಣನ ರಿಪೋರ್ಟು. ರೋಗ ಒಂದು ತಲೆನೋವಾದರೆ ರೋಗಿ ಇನ್ನೊಂದು. "ಬೆಳಿಗ್ಗೆ ಹೆಚ್ಚಾ, ಸಂಜೆ ಹೆಚ್ಚಾ?" ಎಂದರೆ "ಕಾಲಪುರುಷನ ಮುಂದೆ ಬೆಳಗೇನು, ಬೈಗೇನು?" ಎಂಬ ಉತ್ತರ. ಅವರು ಎದ್ದು ಹೋದ ಮೇಲೆ ನಾನು ನನ್ನದೇ ಬಿ.ಪಿ. ನೋಡಿಕೊಳ್ಳುತ್ತಿದ್ದೆ.

ಆಗಸ್ಟಿನ ಒಂದು ಭಾನುವಾರ ಡೊಂಬಿವಲಿಯ ಸಂಘದ ಸಭಾಂಗಣದಲ್ಲಿ ಅಭ್ಯಾಸದ ಕೂಟ. ಆ ಸಂಘದಲ್ಲಿ ಇನ್ನೂ ಕುರ್ಚಿ ಬಂದಿಲ್ಲ. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಕೊನೆಗೆ ಮಂಗಳದ ಪದ್ಯಕ್ಕೆ ಎಲ್ಲರೂ ಎದ್ದು ನಿಲ್ಲಬೇಕು. ಮಂಗಳ ಶುರುವಾಯಿತು. ಎಲ್ಲರೂ ಎದ್ದರು. ವಾಸಣ್ಣ ಏಳಲಿಲ್ಲ. ಏಳಲು ನೋಡಿದರು, ಪಕ್ಕಕ್ಕೆ ವಾಲಿದರು, ಪುನಃ ನೋಡಿದರು. ಕೊನೆಗೆ ಕೆಳಗಿನ ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ ತಂದು ಅದರಲ್ಲಿ ಕೂರಿಸಿ ಮೆಟ್ಟಿಲಿಳಿಸಿದರಂತೆ, ಮಳೆಗೆ ಲಿಫ್ಟ್ ಕೆಟ್ಟಿದ್ದರಿಂದ. ಅಷ್ಟೂ ಮೆಟ್ಟಿಲು ಇಳಿಯುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು, ಒಂದು ಮಾತೂ ಆಡಲಿಲ್ಲ ಎಂದು ಜಲಜಕ್ಕ ಫೋನಿನಲ್ಲಿ ಹೇಳಿದಾಗ ನನಗೆ ಮೊದಲ ಸಲ ನಿಜವಾಗಿ ಭಯವಾಯಿತು. ವಾಸಣ್ಣ ಮಾತಾಡಲಿಲ್ಲವೆಂದರೆ ಅದು ಚಿಕ್ಕ ಲಕ್ಷಣವಲ್ಲ.

ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಪೊಟ್ಯಾಶಿಯಂ ಹೃದಯದ ಬಡಿತ ತಪ್ಪುವಷ್ಟು ಕೆಳಗೆ ಹೋಗಿತ್ತು. ಡ್ರಿಪ್ ಕೊಟ್ಟರು, ಏರಿತು, ಕಾಲಿಗೆ ಜೀವ ಬಂತು. ಸ್ಕ್ಯಾನ್ ಮಾಡಿದರು. ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಯ ಹಾಗೆ ಕೂತಿರುವ ಗ್ರಂಥಿಯಲ್ಲಿ ಒಂದು ಕಡಲೆ ಗಾತ್ರದ ಗಂಟು. ಅಲ್ಲಿನ ತಜ್ಞ, ನನಗಿಂತ ಎಷ್ಟೋ ಚಿಕ್ಕವನು, ಹುರುಪಿನಿಂದ ಹೇಳಿದ: "ಸರ್, ಕಳ್ಳ ಸಿಕ್ಕಿಬಿಟ್ಟ. ಈ ಗಂಟು ಹಾರ್ಮೋನು ಸುರಿಸ್ತಿದೆ, ಅದರಿಂದ ಬಿ.ಪಿ. ಏರ್ತಿದೆ, ಪೊಟ್ಯಾಶಿಯಂ ಇಳೀತಿದೆ. ತೆಗೆದರೆ ಮುಗೀತು."

ಲೆಕ್ಕ ಸರಿಯಾಗಿತ್ತು. ಹಾರ್ಮೋನಿನ ರಿಪೋರ್ಟು ಮಾತ್ರ ಬೇರೆ ಹೇಳಿತು. ಹೆಚ್ಚಿರಬೇಕಾಗಿದ್ದ ಆ ಹಾರ್ಮೋನು ತಳ ಕಂಡಿತ್ತು. ಮನೆಗೆ ಕನ್ನ ಬಿದ್ದದ್ದು ನಿಜ, ಹಿತ್ತಿಲಲ್ಲಿ ಒಬ್ಬ ನಿಂತಿದ್ದೂ ನಿಜ, ಆದರೆ ಅವನ ಜೇಬು ಖಾಲಿ.

"ಲ್ಯಾಬ್ ತಪ್ಪಿರಬಹುದು ಸರ್. ಚೌತಿ ಕಳೆದ ಮೇಲೆ ಭರ್ತಿ ಮಾಡಿಸಿ. ಇನ್ನೊಮ್ಮೆ ನೋಡಿ ತೆಗೆದುಬಿಡೋಣ," ಎಂದ ತಜ್ಞ.

ನನಗೆ ಸಮಾಧಾನವಾಗಲಿಲ್ಲ. ನನಗೆ ಸಮಾಧಾನವಾಗುವುದು ಅಪರೂಪ, ಹಾಗಾಗಿ ನನ್ನ ಅಸಮಾಧಾನಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ವಾಸಣ್ಣ ಮನೆಗೆ ಬಂದರು. ಹದಿನೈದು ದಿನದೊಳಗೆ ಪುನಃ ಚಾಪೆ ಹಿಡಿದರು. ನಾನು ತುರ್ಭೆಯ ಅವರ ಮನೆಗೆ ಹೋದಾಗ ಗಂಡಹೆಂಡಿರ ನಡುವೆ ಜಗಳ ನಡೆದಿತ್ತು.

"ಆಪರೇಷನ್ ಆಮೇಲೆ. ಮೊದಲು ಕೂಟ," ಎಂದರು ವಾಸಣ್ಣ. "ಇಷ್ಟು ವರ್ಷ ದೂತನಾಗಿ ಇನ್ನೊಬ್ಬರ ಮಾತು ಹೊತ್ತದ್ದು ಸಾಕು ಡಾಕ್ಟ್ರೇ. ಒಂದು ಸಲ ನನ್ನ ಮಾತು ನಾನು ಹೇಳ್ತೇನೆ."

"ಇವರ ಕೂಟಕ್ಕೆ ಬೆಂಕಿ ಬೀಳ," ಎಂದರು ಜಲಜಕ್ಕ. "ಅರ್ಥ ಹೇಳದಿದ್ದರೆ ಯಾರೂ ಸಾಯುದಿಲ್ಲ."

"ಇದು ಕೂತು ಹೇಳುವ ಕಲೆ. ಇದಕ್ಕೆ ಕಾಲು ಯಾಕೆ?"

"ವಾಸಣ್ಣ, ಹೃದಯವೂ ಒಂದು ಸ್ನಾಯುವೇ," ಎಂದೆ ನಾನು. "ಕಾಲು ನಿಂತ ಹಾಗೆ ಅದೂ ನಿಂತರೆ?"

ವಾಸಣ್ಣ ಬಲು ಮೆತ್ತಗೆ, ಅರ್ಥದ ಭಾಷೆ ಬಿಟ್ಟು, "ಅದು ನಿಲ್ಲುದಾದ್ರೆ ಅಲ್ಲೇ ಜಮಖಾನದ ಮೇಲೆ ನಿಲ್ಲಲಿ ಡಾಕ್ಟ್ರೇ. ಕ್ಯಾಂಟೀನಿನ ಗಲ್ಲಾದಲ್ಲಿ ಬೇಡ," ಎಂದರು. ಜಲಜಕ್ಕ ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದು ಜೋರಾಯಿತು.

ಇದರ ನಡುವೆ ನನಗೇ ಏನೋ ಶುರುವಾಗಿತ್ತು. ಸಾಕ್ಸ್ ಬಿಚ್ಚಿದರೆ ಕಾಲಿನ ಸುತ್ತ ಬಳೆಯ ಹಾಗೆ ಗುರುತು. ನೆರೂಳ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ತೊಡೆ ನಡುಗುತ್ತಿತ್ತು. ಬಿ.ಪಿ. ಏರಿತ್ತು. ದವಾಖಾನೆಯ ಯಂತ್ರ ಕೆಟ್ಟಿದೆಯೆಂದು ಹೊಸದು ತರಿಸಿದೆ. ಹೊಸದೂ ಅದನ್ನೇ ಹೇಳಿತು.

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಸುಮನಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಈ ವಾರ ಯಾವ ರೋಗಿದು?"

"ತಮಾಷೆ ಅಲ್ಲ. ನಿಜವಾಗಿ ಕಾಲಿನಲ್ಲಿ ಬಲ ಇಲ್ಲ."

"ಮೇ ತಿಂಗಳಲ್ಲಿ ಕಿಡ್ನಿ ಕಲ್ಲು ಬಂದಿತ್ತು ನಿಮಗೆ, ಆ ಬ್ಯಾಂಕಿನವರಿಗೆ ಬಂದದ್ದಕ್ಕೆ. ಅದಕ್ಕಿಂತ ಮೊದಲು ಕಿವಿಯಲ್ಲಿ ಗುಂಯ್ ಅಂತಿತ್ತು. ಈಗ ವಾಸಣ್ಣನ ಕಾಲು. ಪುಣ್ಯ, ನೀವು ಹೆರಿಗೆ ಡಾಕ್ಟ್ರು ಆಗ್ಲಿಲ್ಲ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಪ್ರತಿ ಕಾಯಿಲೆಯನ್ನೂ ಒಮ್ಮೆ ಮೈಮೇಲೆ ಹಾಕಿಕೊಂಡು ನೋಡುವ ಅಭ್ಯಾಸ ನನಗೆ ಕಾಲೇಜಿನಿಂದ ಬಂದದ್ದು. ನಿಜವಾಗಿ ತೋಳ ಬಂದ ದಿನ ನಂಬಲು ಯಾರೂ ಉಳಿದಿರಲಿಲ್ಲ, ನಾನೂ ಸೇರಿ. ಕಳ್ಳನ ಹಾಗೆ ನನ್ನ ರಕ್ತವನ್ನು ನಾನೇ ಪರೀಕ್ಷೆಗೆ ಕಳಿಸಿದೆ.

ಸಂಜೆ ಮೀನಲ್ ರಿಪೋರ್ಟು ಹಿಡಿದು ಬಂದಳು. ಮುಖದಲ್ಲಿ ಅಸಹನೆ. "ಸರ್, ಲ್ಯಾಬವಾಲೇ ಪುನ್ಹಾ ಗೋಂಧಳ ಕೇಲಾ. ಕಾಕಾಂಚಾ ರಿಪೋರ್ಟ್ ತುಮಚ್ಯಾ ನಾವಾವರ ಆಲಾಯ."

ಕಾಕಾನ ರಿಪೋರ್ಟು ನನ್ನ ಹೆಸರಿನಲ್ಲಿ ಬಂದಿದೆ, ಲ್ಯಾಬಿನವರು ಮತ್ತೆ ಗೊಂದಲ ಮಾಡಿದ್ದಾರೆ ಎಂದು ಅವಳ ದೂರು. ಗೊಂದಲವೇನೂ ಆಗಿರಲಿಲ್ಲ. ಪೊಟ್ಯಾಶಿಯಂ ಕಡಿಮೆ ಇದ್ದದ್ದು ನನಗೇ. ವಾಸಣ್ಣನಷ್ಟಲ್ಲ, ಆದರೆ ಅದೇ ದಾರಿಯಲ್ಲಿ ಹೊರಟಿತ್ತು.

ಆ ರಾತ್ರಿ ನಾನು ಮಲಗಿದಲ್ಲೇ ಮನಸ್ಸಿನೊಳಗೆ ನನ್ನ ಗ್ರಂಥಿಯನ್ನು ತೆಗೆಸಿ, ಇನ್ಶೂರೆನ್ಸ್ ಕಾಗದಗಳನ್ನು ಸುಮನಾಗೆ ತೋರಿಸಿ, ಸ್ವಲ್ಪ ಅತ್ತೂ ಮುಗಿಸಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಮಾತ್ರ ಒಂದು ಬುದ್ಧಿಯ ಮಾತು ಹೊಳೆಯಿತು. ಗಂಟು ಅಂಟುರೋಗವಲ್ಲ. ಇಷ್ಟು ಅಪರೂಪದ್ದು ಡಾಕ್ಟರಿಗೂ ರೋಗಿಗೂ ಒಂದೇ ಮಳೆಗಾಲದಲ್ಲಿ ಹೇಗೆ ಬರುತ್ತದೆ? ನಮ್ಮಿಬ್ಬರಿಗೂ ಸೇರಿದ್ದು ಏನೋ ಒಂದಿದೆ. ಅವರ ಕ್ಯಾಂಟೀನಿನಲ್ಲಿ ನಾನು ಉಂಡಿಲ್ಲ. ನೀರು ಬೇರೆ, ಮನೆ ಬೇರೆ, ರೈಲು ಒಂದೇ. ಆದರೆ ರೈಲಿನಿಂದ ಪೊಟ್ಯಾಶಿಯಂ ಇಳಿಯುವುದಾದರೆ ಇಡೀ ಮುಂಬಯಿ ಚಾಪೆ ಹಿಡಿಯಬೇಕಿತ್ತು.

ಚೌತಿಯ ಮುನ್ನಾದಿನ ತುರ್ಭೆಗೆ ಹೋದೆ. ರಸ್ತೆಯಲ್ಲಿ ಮೊಣಕಾಲು ನೀರು. ಟೆಂಪೊದಲ್ಲಿ ಪ್ಲಾಸ್ಟಿಕ್ ಹೊದ್ದ ಗಣಪತಿಗಳು. ವಾಸಣ್ಣ ಗೋಡೆಗೊರಗಿ ಕೂತು ಮುದಿ ಸೇನಾಪತಿಯ ಮಾತುಗಳನ್ನು ಗೊಣಗುತ್ತಿದ್ದರು. ನಾನು ಎದುರು ಕೂತು ಪೊಲೀಸರ ಹಾಗೆ ಶುರುಮಾಡಿದೆ.

"ಉಪ್ಪಿನಕಾಯಿ? ಹಪ್ಪಳ? ಊರಿಂದ ಬಂದ ಎಣ್ಣೆ? ತಲೆಗೆ ಹಚ್ಚುದು ಎಂತ?"

"ಡಾಕ್ಟ್ರೇ, ಹುಡುಕುವವನು ಹೊರಗೆ ಹುಡುಕ್ತಾನೆ. ವಸ್ತು ಇರುವುದು..."

"ದಯಮಾಡಿ ವಾಸಣ್ಣ, ಇವತ್ತು ಬೇಡ. ನನಗೂ ಹುಷಾರಿಲ್ಲ." ನಾನು ಕೆಮ್ಮಿದೆ.

ಅವರು ಜೇಬಿಗೆ ಕೈ ಹಾಕಿದರು. ಅವರ ಕೈ ಹೊರಗೆ ಬರುವ ಮೊದಲೇ ನನ್ನ ಕೈ ಮುಂದೆ ಚಾಚಿಯಾಗಿತ್ತು. ಕೇಳದೆ, ನೋಡದೆ, ತಾನಾಗಿ. ಚಾಚಿದ ಕೈಯನ್ನು ನೋಡಿದೆ. ಅದು ಗಾಳಿಯಲ್ಲಿ ಹಾಗೇ ನಿಂತಿತು.

ಓದಿದ್ದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದರೆ ಪುಸ್ತಕದಲ್ಲಿ ಅದು ಯಾವುದೋ ಚಳಿದೇಶದ ಮುದುಕರು ಚೀಲಗಟ್ಟಲೆ ತಿನ್ನುವ, ಒಂದು ಬೇರಿನ ರಸದ ಕಪ್ಪು ಮಿಠಾಯಿ. ನನ್ನ ಅಜ್ಜಿಯ ಡಬ್ಬಿಯಲ್ಲಿದ್ದದ್ದೂ ಅದೇ ಬೇರು ಎಂಬುದು ಗೊತ್ತಿದ್ದೂ ನನ್ನ ತಲೆಯಲ್ಲಿ ಅವೆರಡು ಒಂದು ದಿನವೂ ಭೇಟಿಯಾಗಿರಲಿಲ್ಲ. ಆ ಬೇರಿನ ಸಿಹಿ ಮೈಗೆ ದಿನವೂ ಹೆಚ್ಚಾಗಿ ಸೇರಿದರೆ ದೇಹ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಂಡು ಪೊಟ್ಯಾಶಿಯಂ ಅನ್ನು ಮೂತ್ರದಲ್ಲಿ ಚೆಲ್ಲಿಬಿಡುತ್ತದೆ. ಗ್ರಂಥಿ ಸುಮ್ಮನಿದ್ದರೂ ಹಾರ್ಮೋನು ಸುರಿದ ಹಾಗೆ ಎಲ್ಲ ನಡೆಯುತ್ತದೆ. ಹಿತ್ತಿಲಲ್ಲಿ ನಿಂತಿದ್ದ ಆ ಗಂಟು ಪಾಪ, ದಾರಿಹೋಕ.

"ವಾಸಣ್ಣ, ದಿನಕ್ಕೆ ಎಷ್ಟು ಕಡ್ಡಿ?"

"ಎಷ್ಟು ಎಂದರೆ? ಉಸಿರು ಎಷ್ಟು ಅಂತ ಲೆಕ್ಕ ಇಡ್ತಾರಾ?"

ಜಲಜಕ್ಕ ಅಡುಗೆಮನೆಯಿಂದ ಒಂದು ಥರ್ಮಾಸು ತಂದು ನನ್ನ ಮುಂದೆ ಕುಕ್ಕಿದರು. "ಕಡ್ಡಿ ಮಾತ್ರ ಅಲ್ಲ. ರಾತ್ರಿ ನೆನೆಹಾಕಿ ಇದನ್ನು ಹಗಲಿಡೀ ಕುಡಿಯುದು. ದೊಡ್ಡ ಅರ್ಥ ಸಿಕ್ಕಿದ ಮೇಲೆ ಎರಡು ಥರ್ಮಾಸು."

"ಕಷಾಯ ಕುಡಿತೀರಾ ಅಂತ ನಾನು ಕೇಳಿದ್ದೆ!"

"ಇದು ಕಷಾಯವಾ? ಇದು ನೀರು. ಕಡ್ಡಿ ಹಾಕಿಟ್ಟ ನೀರು."

"ಆಸ್ಪತ್ರೆಯಲ್ಲಿ?"

"ಅಲ್ಲಿ ನರ್ಸಮ್ಮ ಡಬ್ಬಿ ಎತ್ತಿಟ್ಟಳು. ಬಾಯಿ ಒಣಗಿ ನರಕ. ಮನೆಗೆ ಬಂದ ಮೇಲೆ ಬಾಕಿ ಎಲ್ಲ ಸರಿದೂಗಿಸಿದೆ."

ಜಲಜಕ್ಕ ಮೊದಲ ದಿನವೇ ಹೇಳಿದ್ದರು, ಕಾಲು ಮಳೆಗಾಲಕ್ಕೆ ಹೋಗುತ್ತದೆ, ದೀಪಾವಳಿಗೆ ಬರುತ್ತದೆ ಎಂದು. ತಾಳಮದ್ದಳೆ ಶುರುವಾಗುವುದು ಮಳೆಗಾಲಕ್ಕೆ. ಮುಗಿಯುವುದು ದೀಪಾವಳಿಗೆ ಮೊದಲು. ನಾನು ಅದನ್ನು ತೇವದ ಹವೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆ. ನಾನು ಡಬ್ಬಿ ಕಸಿದುಕೊಂಡೆ. ವಾಸಣ್ಣ ನನ್ನ ಮಣಿಕಟ್ಟು ಹಿಡಿದರು. ಕಾಲಿನಲ್ಲಿಲ್ಲದ ಬಲ ಕೈಯಲ್ಲಿತ್ತು.

"ಇದು ಮದ್ದಲ್ಲ ಡಾಕ್ಟ್ರೇ. ಇದು ನನ್ನ ಸ್ವರ."

"ಇದೇ ನಿಮ್ಮ ಕಾಯಿಲೆ. ಆಪರೇಷನ್ ಬೇಡ, ಏನೂ ಬೇಡ. ಇದನ್ನು ಬಿಟ್ಟರೆ ಸಾಕು."

"ಬಿಟ್ಟರೆ ಸ್ವರ ಹೋಗ್ತದೆ. ಸ್ವರ ಇಲ್ಲದೆ ನಾನು ಅಲ್ಲಿ ಹೋಗಿ ಎಂತ ಮಾಡುದು? ಮುಖ ತೋರಿಸುದಾ?"

"ನಿಮ್ಮ ಮುಖ ಕಂಡರೆ ನನಗೆ ಸಾಕು," ಎಂದರು ಜಲಜಕ್ಕ. ಹೇಳಿದ್ದು ಸಿಟ್ಟಿನಿಂದಲೇ. ಆದರೆ ಹೇಳಿದ ಮೇಲೆ ಸೆರಗಿನಿಂದ ಥರ್ಮಾಸಿನ ಹೊರಗೆ ಇಲ್ಲದ ನೀರನ್ನು ಒರೆಸುತ್ತ ನಿಂತರು. ವಾಸಣ್ಣ ನನ್ನ ಕೈ ಬಿಟ್ಟರು.

ತಜ್ಞನಿಗೆ ಫೋನು ಮಾಡಿದೆ. "ಸರ್, ಇದನ್ನು ನಾವು ಪರೀಕ್ಷೆಗೆ ಮಾತ್ರ ಓದಿದ್ವಿ," ಎಂದು ನಕ್ಕ. ಒಳ್ಳೆಯ ಹುಡುಗ, ಆಪರೇಷನ್ ಮುಂದೂಡಿದ, ಗಂಟನ್ನು ಆಗಾಗ ಸ್ಕ್ಯಾನಿನಲ್ಲಿ ನೋಡಿಕೊಂಡರೆ ಸಾಕೆಂದ. ನಾನೂ ನನ್ನ ಮೇಜಿನ ಪೊಟ್ಟಣ ಎಸೆದು ಪೆನ್ನಿನ ಮುಚ್ಚಳಗಳಿಗೆ ಮರಳಿದೆ. ಸುಮನಾಗೆ ಹೇಳಿದಾಗ ಅವಳು ಮೊದಲ ಸಲ ನನ್ನ ಕಾಲನ್ನು ಕೈಯಲ್ಲಿ ಹಿಡಿದು ಸಾಕ್ಸಿನ ಗುರುತನ್ನು ಒತ್ತಿ ನೋಡಿದಳು. ಆಮೇಲೆ, "ರೋಗಿ ಕೊಟ್ಟ ಮದ್ದು ತಿಂದು ರೋಗ ತಂದುಕೊಂಡ ಡಾಕ್ಟ್ರು ನೀವೊಬ್ಬರೇ ಇರ್ಬೇಕು," ಎಂದಳು.

ಆ ಬೇರಿನ ಪ್ರಭಾವ ಒಂದೇ ದಿನಕ್ಕೆ ಇಳಿಯುವುದಿಲ್ಲ. ವಾಸಣ್ಣನ ಬಿ.ಪಿ. ಮೆಲ್ಲ ಮೆಲ್ಲ ಇಳಿಯಿತು, ಪೊಟ್ಯಾಶಿಯಂ ಇಳಿಯದೆ ನಿಂತಿತು. ಅದಕ್ಕಿಂತ ಬೇಗ ಇಳಿದದ್ದು ಅವರ ಸ್ವರ. ಇಷ್ಟು ವರ್ಷ ಸಿಹಿ ನೀರಿನಲ್ಲಿ ತೇಲುತ್ತಿದ್ದ ಗಂಟಲು ದಡಕ್ಕೆ ಬಿದ್ದ ದೋಣಿಯ ಹಾಗೆ ಕರಕರ ಎನ್ನತೊಡಗಿತು. ಬಿಸಿನೀರು, ಹಬೆ, ಮೌನ ಎಲ್ಲ ಹೇಳಿದೆ. ಮೊದಲೆರಡನ್ನು ಮಾಡಿದರು. ದಿನವೂ ಫೋನು.

"ಕಾಲು ಕೊಟ್ಟು ಗಂಟಲು ಕಿತ್ತುಕೊಂಡ್ರಿ ಡಾಕ್ಟ್ರೇ. ಇದು ಎಂಥ ವ್ಯಾಪಾರ?"

"ಕೂಟಕ್ಕೆ ಬೇರೆಯವರನ್ನು ಕೂರಿಸ್ಲಿಕ್ಕೆ ಹೇಳಿ ಬೇಕಾದ್ರೆ."

"ಸತ್ತರೂ ಇಲ್ಲ."

ಒಂದು ವೇಳೆ ಅವರು ಕದ್ದು ಕಡ್ಡಿ ಅಗಿಯುತ್ತಿದ್ದರೆ? ವಾರ ಬಿಡದೆ ರಕ್ತ ಪರೀಕ್ಷೆ ಮಾಡಿಸಿದೆ. ಸಾಲದೆಂದು ಜಲಜಕ್ಕನಿಗೆ ದಿನವೂ ಅವರ ಬಾಯಿ ಮೂಸಲು ಹೇಳಿದೆ. ಮದುವೆಯಾದ ಹೊಸತರಲ್ಲೂ ಇಷ್ಟು ಹತ್ತಿರ ಹೋಗಿರಲಿಲ್ಲ ಎಂದು ಅವರು ಗೊಣಗಿದರು.

ನವರಾತ್ರಿಯ ಭಾನುವಾರ ಮಧ್ಯಾಹ್ನ ಡೊಂಬಿವಲಿಯ ಸಭಾಂಗಣ ತುಂಬಿತ್ತು. ಸುಮನಾ ಮತ್ತು ನಾನು ಮುಂದಿನ ಸಾಲಿನಲ್ಲಿ. ನನ್ನ ಚೀಲದಲ್ಲಿ ಬಿ.ಪಿ. ಯಂತ್ರ, ಪೊಟ್ಯಾಶಿಯಂ ಸಿರಪ್ಪು, ಮತ್ತು ಒಂದು ಆಂಬುಲೆನ್ಸಿನವನ ನಂಬರು. ಊರಿನಿಂದ ಬಂದ ಅರ್ಥಧಾರಿ ಮಾತು ತೆಗೆದರೆ ತುಪ್ಪ ಸುರಿದ ಹಾಗೆ. ವಾಸಣ್ಣನ ಸರದಿ ಬಂದಾಗ ಬಂದದ್ದು ಜಲ್ಲಿ ಸುರಿದ ಸದ್ದು. ಸಭೆಯಲ್ಲಿ ಒಂದು ಸಣ್ಣ ಗುಜುಗುಜು. ಎದುರಾಳಿ ಬಿಡಲಿಲ್ಲ.

"ಏನು ಸೇನಾಪತಿಗಳೇ, ಶತ್ರುಗಳನ್ನು ನಡುಗಿಸುತ್ತಿದ್ದ ಆ ಕಂಠ ಎಲ್ಲಿ ಹೋಯಿತು?"

ವಾಸಣ್ಣ ಗಂಟಲು ಸರಿಮಾಡಿಕೊಳ್ಳಲಿಲ್ಲ. ಸರಿಯಾಗುವ ಹಾಗೂ ಇರಲಿಲ್ಲ. ಒಮ್ಮೆ ನನ್ನ ಕಡೆ ನೋಡಿದರು. ನನಗೆ ಆಗಲೇ ಗೊತ್ತಾಯಿತು.

"ಅರಸನೇ, ನಮ್ಮ ಪಾಳೆಯದಲ್ಲಿ ಒಬ್ಬ ರಾಜವೈದ್ಯನಿದ್ದಾನೆ," ಎಂದರು ಆ ಕರಕರ ಸ್ವರದಲ್ಲೇ. "ನನ್ನ ಕಾಯಿಲೆಯನ್ನು ಹುಡುಕುತ್ತ ಹುಡುಕುತ್ತ ಆತ ಎಷ್ಟು ಒಳಗೆ ಹೋದನೆಂದರೆ ಕೊನೆಗೆ ಆ ಕಾಯಿಲೆ ಅವನಿಗೇ ಬಂತು! ತಾನು ಬದುಕಬೇಕಲ್ಲ, ಅದಕ್ಕಾಗಿ ನನ್ನನ್ನೂ ಬದುಕಿಸಿದ. ಶುಲ್ಕವಾಗಿ ನನ್ನ ಕಂಠ ತೆಗೆದುಕೊಂಡ. ಕಂಠವೇ ತಾನೇ, ಹೋಗಲಿ. ಮಾತು ನನ್ನಲ್ಲೇ ಇದೆ. ಕೇಳು!"

ಸಂಘದಲ್ಲಿ ಎಲ್ಲರಿಗೂ ಕತೆ ಗೊತ್ತಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು. ಊರಿನ ಅರ್ಥಧಾರಿಯೂ ನಕ್ಕುಬಿಟ್ಟರು. ಸುಮನಾ ಕಣ್ಣೊರೆಸಿಕೊಂಡು ನನ್ನ ಭುಜಕ್ಕೆ ಬಡಿಯುತ್ತಿದ್ದಳು. ನಾನು ನಗಲಿಲ್ಲ. ನಾನು ವಾಸಣ್ಣನ ಮೊಣಕಾಲುಗಳನ್ನು ನೋಡುತ್ತಿದ್ದೆ. ಚಕ್ಕಳಮಕ್ಕಳ ಹಾಕಿ ಎಷ್ಟು ಹೊತ್ತಾಯಿತು? ಪಂಚೆಯ ಕೆಳಗೆ ಪಾದ ಊದಿದೆಯೇ, ಅಥವಾ ಅದು ನೆರಳೇ? ಮುಂದೆ ಅವರು ಏನು ಹೇಳಿದರೋ, ಸಭೆ ಯಾಕೆ ಒಮ್ಮೆಲೇ ನಿಶ್ಶಬ್ದವಾಯಿತೋ, ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡದ್ದು ಯಾಕೋ, ನನಗೆ ಗೊತ್ತಿಲ್ಲ.

ಭಾಗವತರು ಮಂಗಳದ ಪದ್ಯ ಎತ್ತಿದರು. ಎಲ್ಲರೂ ಎದ್ದರು. ವಾಸಣ್ಣ ಎಡಗೈಯನ್ನು ಮೊಣಕಾಲಿನ ಮೇಲಿಟ್ಟರು. ಮೊದಲ ಸಾಲಿನ ಆ ತುದಿಯಲ್ಲಿ ಜಲಜಕ್ಕ ಅರ್ಧ ಎದ್ದು ಅಲ್ಲೇ ನಿಂತರು. ಪಕ್ಕದಲ್ಲಿದ್ದ ಅರ್ಥಧಾರಿ ಕೈ ಚಾಚಿದರು. ವಾಸಣ್ಣ ಅದನ್ನು ನೋಡಿದರು, ಹಿಡಿಯಲಿಲ್ಲ. ಮುಂದಕ್ಕೆ ಬಾಗಿದರು. ಮೆಲ್ಲನೆ, ಹಳೆಯ ಬಾಗಿಲು ತೆರೆಯುವ ಹಾಗೆ, ನಡುವೆ ಒಮ್ಮೆ ತಡೆದು, ಎದ್ದು ನಿಂತರು.

ಮರುದಿನ ಬೆಳಿಗ್ಗೆ ನಾನು ಚಹಾ ಕುಡಿಯುವ ಮೊದಲೇ ಫೋನು.

"ಡಾಕ್ಟ್ರೇ, ನಿನ್ನೆ ನನ್ನ ಅರ್ಥ ಹೇಗಾಯ್ತು?"

"ಎದ್ದು ನಿಂತಿರಲ್ಲ ವಾಸಣ್ಣ!"

"ಅದು ಬಿಡಿ. ಅರ್ಥ ಹೇಗಾಯ್ತು?"

"ಯಾರ ಕೈಯೂ ಹಿಡಿಯದೆ ಎದ್ದಿರಿ. ನಡುವೆ ಒಮ್ಮೆ ತಡೆದದ್ದು ನೋಡಿ ನನಗೆ..."

"ನಾನು ಕೇಳಿದ್ದಕ್ಕೆ ಉತ್ತರ ಹೇಳಿ ಮಾರಾಯ್ರೆ. ಕೊನೆಯ ಮಾತು ಹೇಗಿತ್ತು? ಸೇನಾಪತಿ ಮಗನ ಹತ್ರ ಆಡಿದ ಮಾತು?"

"ಕಾಲಿಗೆ ಏನೂ ಆಗ್ಲಿಲ್ಲ ತಾನೇ ಆಮೇಲೆ?"

ಆ ಕಡೆಯಿಂದ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. ಇಡೀ ಮಳೆಗಾಲ ಅವರ ಎದುರು ನಾನು ಬಿಟ್ಟದ್ದೂ ಅಂಥದೇ ನಿಟ್ಟುಸಿರು, ಗುರುತು ಹಿಡಿಯಲು ನನಗೆ ಕಷ್ಟವಾಗಲಿಲ್ಲ.

"ಜಲಜಾ," ಎಂದು ಆ ಒಡೆದ ಸ್ವರ ಫೋನಿನಾಚೆ ಹೇಳಿತು, "ಈ ಡಾಕ್ಟ್ರ ಹತ್ರ ಒಂದು ನೇರ ಉತ್ತರ ಹೊರಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ನೀನೇ ಕೇಳು."